ಆರನೇ ಲೈನಿನ ಕಾಲರ್ ಗುಡ್ಡೆ

ಬೋರ್ಡಿನಲ್ಲಿ ಟಾರ್ಗೆಟ್ 600. ಸಂಜೆ ಅದರ ಪಕ್ಕ ಬರೆದದ್ದು 430. ಮರುದಿನ 425. ಅದರ ಮರುದಿನ 436. ಎರಡು ತಿಂಗಳು ನಮ್ಮ ಆರನೇ ಲೈನ್ ಹೀಗೇ ನಡೆಯಿತು. ಎರಡು ತಿಂಗಳೂ ಅದಕ್ಕೆ ಕಾರಣ ಅಂತ ಎಲ್ಲರೂ ಬೆರಳು ತೋರಿಸಿದ್ದು ಒಬ್ಬ ಹೆಂಗಸಿನ ಕಡೆಗೆ.

ನಾನು ಹಾಸನದ ಇಂಡಸ್ಟ್ರಿಯಲ್ ಏರಿಯಾದ ಒಂದು ದೊಡ್ಡ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಐಇ. ಇಂಡಸ್ಟ್ರಿಯಲ್ ಎಂಜಿನಿಯರ್. ಕೈಯಲ್ಲಿ ಸ್ಟಾಪ್‌ವಾಚ್, ಒಂದು ಪ್ಯಾಡು. ಯಾವ ಹೊಲಿಗೆಗೆ ಎಷ್ಟು ಸೆಕೆಂಡು, ಯಾವ ಲೈನಿಗೆ ಎಷ್ಟು ಜನ, ಕೆಲಸ ಎಲ್ಲಿ ನಿಲ್ಲುತ್ತಿದೆ, ಇದೆಲ್ಲ ನೋಡುವುದು ನನ್ನ ಕೆಲಸ. ನಾನು ಹತ್ತಿರ ಹೋದರೆ ಟೈಲರ್‌ಗಳು ಬಿಗಿಯಾಗಿಬಿಡುತ್ತಾರೆ. ವಾಚ್ ಹಿಡಿದವರು ಬಂದು ಹೋದ ಮೇಲೆ ಟಾರ್ಗೆಟ್ ಏರುತ್ತದೆ ಅನ್ನುವುದು ಅವರ ಅನುಭವ. ಆ ಭಯ ಸುಳ್ಳಲ್ಲ.

ಆರನೇ ಲೈನಿನಲ್ಲಿ ಗಂಡಸರ ಫುಲ್ ಸ್ಲೀವ್ ಶರ್ಟು. 42 ಟೈಲರ್‌ಗಳು, 6 ಹೆಲ್ಪರ್‌ಗಳು. ಒಂದು ಶರ್ಟಿನ ಎಲ್ಲ ಹೊಲಿಗೆ ಸೇರಿಸಿದರೆ 20 ನಿಮಿಷದ ಕೆಲಸ. 8 ಗಂಟೆಗೆ 600 ಶರ್ಟು ಬಂದರೆ ಎಫಿಶಿಯೆನ್ಸಿ, ಅಂದರೆ ಟೈಲರ್‌ಗಳ ಒಟ್ಟು ಹೊತ್ತಿನಲ್ಲಿ ಶರ್ಟಾಗಿ ಹೊರಬಂದ ಪಾಲು, ಶೇಕಡಾ ಸುಮಾರು 60. ನಮಗೆ ಬರುತ್ತಿದ್ದದ್ದು 43. ದಿನಾ ಬೆಳಿಗ್ಗೆ ಮೀಟಿಂಗಿನಲ್ಲಿ ಈ 43 ಅನ್ನುವುದು ಎಲ್ಲರ ಮುಂದೆ ಓದಿ ಹೇಳುವ ನಂಬರ್.

ಲೈನಿನ ನಡುವೆ ಕಾಲರ್ ಅಟ್ಯಾಚ್ ಮಾಡುವ ಎರಡು ಮೆಷಿನ್ ಇವೆ. ಶರ್ಟಿನ ಬಾಡಿ ಒಂದು ಕಡೆಯಿಂದ ಬರುತ್ತದೆ, ಕಾಲರ್ ಬೇರೆ ಕಡೆ ತಯಾರಾಗಿ ಬರುತ್ತದೆ. ಎರಡೂ ಸೇರುವ ಜಾಗ ಅದು. ಒಂದು ಮೆಷಿನ್‌ನಲ್ಲಿ ಕೂರುವವರು ಆಲೂರು ಕಡೆಯಿಂದ ಬರುವ ಒಬ್ಬರು, ಹನ್ನೊಂದು ವರ್ಷದ ಸರ್ವಿಸ್. ಫ್ಲೋರಿನಲ್ಲಿ ಎಲ್ಲರಿಗೂ ಅವರು ಕಾಲರ್ ಅಕ್ಕ. ಅವರ ಮುಂದೆ ಯಾವಾಗಲೂ ಬಂಡಲ್ ಗುಡ್ಡೆ. ಮೆಷಿನ್ ಟೇಬಲ್ ಮೇಲೆ, ಪಕ್ಕದ ರ್‍ಯಾಕಿನಲ್ಲಿ, ಕೊನೆಗೆ ಕಾಲ ಹತ್ತಿರ ನೆಲದ ಮೇಲೂ. ಅವರಾಚೆ ಇರುವವರು ಕೈ ಕಟ್ಟಿ ಕೂತಿರುತ್ತಿದ್ದರು. ಯಾರೇ ನೋಡಿದರೂ ಹೇಳುವುದು ಒಂದೇ ಮಾತು, ‘ಕಾಲರ್ ಅಕ್ಕ ಸ್ಲೋ’.

ಮ್ಯಾನೇಜ್‌ಮೆಂಟಿನವರು ಮಾಡಬಹುದಾದದ್ದನ್ನೆಲ್ಲ ಮಾಡಿದ್ದರು. ಓವರ್‌ಟೈಮ್, ಅಂದರೆ ಓಟಿ ಹಾಕಿದರು. ಓಟಿ ಅಂದರೆ ಕಂಪನಿ ಬಸ್ ತಪ್ಪುತ್ತದೆ, ಆಲೂರಿನವರು ಮನೆ ಸೇರುವ ಹೊತ್ತಿಗೆ ಎಂಟೂವರೆ. ಗಂಟೆಗೊಮ್ಮೆ ಬೋರ್ಡ್ ಮುಂದೆ ನಿಂತು ಕೂಗಾಡಿದರು. ಲೈನಿನ ಮೊದಲ ಭಾಗಕ್ಕೆ ಇನ್ನಿಬ್ಬರು ಟೈಲರ್ ಕೊಟ್ಟರು. ಅದರಿಂದ ಗುಡ್ಡೆ ಇನ್ನೂ ಎತ್ತರವಾಯಿತು, ಅಷ್ಟೇ.

ಜುಲೈ ತಿಂಗಳ ಒಂದು ಬುಧವಾರ ನಾನು ಒಂದು ಸ್ಟೂಲ್ ತೆಗೆದುಕೊಂಡು ಹೋಗಿ ಅವರ ಪಕ್ಕ ಕೂತೆ. ಸಕಲೇಶಪುರ ಕಡೆ ಜೋರು ಮಳೆ, ಬಸ್ ತಡವಾಗಿ ಅರ್ಧ ಲೈನ್ ಒದ್ದೆ ಬಟ್ಟೆಯಲ್ಲೇ ಕೆಲಸಕ್ಕೆ ಕೂತಿತ್ತು. ‘ಅಕ್ಕ, ನಿಮ್ಮ ಟಾರ್ಗೆಟ್ ಜಾಸ್ತಿ ಮಾಡಕ್ಕೆ ಬಂದಿಲ್ಲ. ಸುಮ್ನೆ ನೋಡ್ತೀನಿ’ ಅಂದೆ. ಅವರು ನನ್ನ ಕಡೆ ತಿರುಗದೆ, ‘ನೋಡಿ ಮೇಡಮ್. ಎಲ್ಲರೂ ನೋಡ್ತಾರೆ’ ಅಂದರು.

9ರಿಂದ 11ರವರೆಗೆ ಕೂತೆ. 120 ನಿಮಿಷ.

ಅವರ ಕೈ ನೋಡುತ್ತಾ ಮೊದಲ ಅರ್ಧ ಗಂಟೆಯಲ್ಲೇ ನನಗೆ ನಾಚಿಕೆಯಾಯಿತು. ಬಾಡಿಯ ಕತ್ತನ್ನು ಎಡಗೈಯಲ್ಲಿ ಬಿಡಿಸಿ, ಕಾಲರಿನ ನಡುವಿನ ಗುರುತನ್ನು ಬೆನ್ನಿನ ನಡುವಿನ ನಾಚ್‌ಗೆ, ಅಂದರೆ ಸಣ್ಣ ಕತ್ತರಿ ಗುರುತಿಗೆ, ಸರಿಯಾಗಿ ಕೂರಿಸಿ, ಭುಜದ ಹೊಲಿಗೆ ಬಂದ ಕಡೆ ಹೆಬ್ಬೆರಳಿನಿಂದ ಒತ್ತಿ, ಒಂದೇ ಉಸಿರಿಗೆ ಸುತ್ತು ಹೊಲಿಯುತ್ತಿದ್ದರು. ಎರಡು ತುದಿಯೂ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಒಂದು ಶರ್ಟಿಗೆ ಸರಾಸರಿ 110 ಸೆಕೆಂಡು. ನನ್ನ ಶೀಟಿನಲ್ಲಿ ಇರಬೇಕಾದ ಸಮಯವೂ ಅದೇ. ಕೈ ನಿಧಾನ ಅನ್ನುವ ಮಾತಿಗೆ ಆಧಾರವೇ ಇರಲಿಲ್ಲ.

ಹಾಗಾದರೆ ಪೀಸ್ ಎಲ್ಲಿ ಹೋಗುತ್ತಿದೆ? ಒಂದು ಬಂಡಲ್ ಮುಗಿಯಿತು. 20 ಪೀಸಿನ ಬಂಡಲ್. ಅವರು ಮುಂದಿನ ಬಾಡಿ ಬಂಡಲ್ ಎತ್ತಿಕೊಂಡು ಚೀಟಿ ಓದಿದರು. 214ನೇ ನಂಬರ್, ಸೈಜ್ 40, ಶೇಡ್ ಬಿ. ಈಗ ಇದೇ ನಂಬರಿನ ಕಾಲರ್ ಬಂಡಲ್ ಬೇಕು. ಬೇರೆ ಕಾಲರ್ ಹಾಕುವ ಹಾಗಿಲ್ಲ. ಒಂದೇ ಬಣ್ಣ ಅಂತ ನಮಗೆ ಕಂಡರೂ ಒಂದು ರೋಲಿಗೂ ಇನ್ನೊಂದು ರೋಲಿಗೂ ಡೈಯಲ್ಲಿ ಚೂರು ವ್ಯತ್ಯಾಸ ಇರುತ್ತದೆ. ಫ್ಯಾಕ್ಟರಿಯ ಟ್ಯೂಬ್‌ಲೈಟ್ ಕೆಳಗೆ ಗೊತ್ತಾಗುವುದಿಲ್ಲ, ಬಿಸಿಲಿಗೆ ಹಿಡಿದರೆ ಕಾಲರ್ ಬೇರೆ, ಬಾಡಿ ಬೇರೆ ಅಂತ ಎದ್ದು ಕಾಣುತ್ತದೆ. ಅದಕ್ಕೇ ಪ್ರತಿ ಪೀಸಿಗೂ ನಂಬರ್ ಸ್ಟಿಕ್ಕರ್.

ಅಕ್ಕ ಎದ್ದರು. ರ್‍ಯಾಕಿನಲ್ಲಿ ಹುಡುಕಿದರು. 231, 208, 226. ಬಟ್ಟೆ ಚೂರಿನಿಂದ ಕಟ್ಟಿದ ಕಾಲರ್ ಕಟ್ಟುಗಳನ್ನು ಒಂದೊಂದಾಗಿ ಎತ್ತಿ, ಚೀಟಿ ತಿರುಗಿಸಿ ಓದಿ, ಪಕ್ಕಕ್ಕಿಟ್ಟರು. ಬಗ್ಗಿ ನೆಲದ ಮೇಲಿನ ಗುಡ್ಡೆ ಸರಿಸಿದರು. ಸಿಕ್ಕಿದ್ದು ಎಲ್ಲಕ್ಕಿಂತ ಕೆಳಗೆ. ನನ್ನ ವಾಚಿನಲ್ಲಿ 6 ನಿಮಿಷ. ಆ 2 ಗಂಟೆಯಲ್ಲಿ ಹೀಗೆ ಮೂರು ಸಲ ಎದ್ದರು: 6, 3 ಮತ್ತು 5 ನಿಮಿಷ. ಬಾಬಿನ್ ಬದಲಿಸಿದ್ದು, ದಾರ ಕಿತ್ತದ್ದು, ಮೆಕ್ಯಾನಿಕ್‌ಗೆ ಕಾದದ್ದು ಎಲ್ಲ ಸೇರಿ ಇನ್ನೊಂದು 8 ನಿಮಿಷ. ಒಟ್ಟು 22.

ಪ್ಯಾಡಿನಲ್ಲೇ ಲೆಕ್ಕ ಹಾಕಿದೆ. 2 ಗಂಟೆಗೆ 22 ಅಂದರೆ ದಿನಕ್ಕೆ 88 ನಿಮಿಷ. ಉಳಿದ ಹೊತ್ತನ್ನು 110 ಸೆಕೆಂಡಿನಿಂದ ಭಾಗಿಸಿ, ಎರಡು ಮೆಷಿನ್‌ಗೆ ಗುಣಿಸಿದರೆ 428. ಬೋರ್ಡಿನ ಮೇಲೆ ದಿನಾ ಬರುತ್ತಿದ್ದ ನಂಬರೇ ಅದು! ಎರಡು ತಿಂಗಳಿಂದ ಎಲ್ಲರೂ ಬೈಯುತ್ತಿದ್ದ 430ರ ಒಳಗೆ ಇದ್ದದ್ದು ಇಷ್ಟೇ. ಕಳೆದುಹೋದ 88 ನಿಮಿಷದಲ್ಲಿ 56 ನಿಮಿಷ ಬರೀ ಹುಡುಕಾಟ. ಹುಡುಕಾಟ ಯಾಕೆ? ಗುಡ್ಡೆ ಇರುವುದಕ್ಕೆ. ಗುಡ್ಡೆ ಯಾಕೆ? ಕಾಲರ್ ಮೆಷಿನ್‌ಗಳು ಹೊಲಿದು ಮುಗಿಸುವುದಕ್ಕಿಂತ ಜಾಸ್ತಿ ಬಟ್ಟೆಯನ್ನು ನಾವೇ ಲೈನಿಗೆ ಬಿಡುತ್ತಿದ್ದುದಕ್ಕೆ. ಪೀಸ್ ಕಡಿಮೆ ಬಂತು ಅಂತ ಇನ್ನೂ ಜಾಸ್ತಿ ಬಿಟ್ಟೆವು. ಗುಡ್ಡೆ ಏರಿತು, ಹುಡುಕಾಟ ಏರಿತು, ಪೀಸ್ ಇನ್ನೂ ಕಡಿಮೆಯಾಯಿತು.

‘ಅಕ್ಕ, ಇದನ್ನ ಯಾರಿಗಾದ್ರೂ ಹೇಳಿದ್ರಾ?’ ಅಂತ ಕೇಳಿದೆ.

‘ಹೇಳ್ದೆ ಇರ್ತೀನಾ ಮೇಡಮ್? ಕಾಲರ್ ಹುಡ್ಕಿ ಕೊಡಕ್ಕೆ ಒಬ್ರು ಹೆಲ್ಪರ್ ಕೊಡಿ ಅಂದೆ. ಮೊದ್ಲು ಪೀಸ್ ಕೊಡು, ಆಮೇಲೆ ಹೆಲ್ಪರ್ ಅಂದ್ರು.’

ಶನಿವಾರ ಸಂಜೆ ಲೈನ್ ನಿಂತ ಮೇಲೆ ಇಬ್ಬರು ಹೆಲ್ಪರ್‌ಗಳ ಜೊತೆ ಇಡೀ ಲೈನಿನ ಬಂಡಲ್ ಎಣಿಸಿದೆ. 108 ಬಂಡಲ್, ಅಂದರೆ 2,160 ಶರ್ಟು. ದಿನಕ್ಕೆ ಹೊರಗೆ ಬರುವುದು 430. ಒಳಗಿರುವುದನ್ನು ಹೊರಬರುವುದರಿಂದ ಭಾಗಿಸಿದರೆ ಒಂದು ಶರ್ಟು ಲೈನಿನೊಳಗೆ ಎಷ್ಟು ದಿನ ಇರುತ್ತದೆ ಅಂತ ಗೊತ್ತಾಗುತ್ತದೆ. ಅಮೆರಿಕದ ಪ್ರೊಫೆಸರ್ ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಬೀತು ಮಾಡಿ ತೋರಿಸಿದ ನಿಯಮ ಇದು. ಬ್ಯಾಂಕಿನ ಕ್ಯೂಗೂ ಇದೇ, ಆಸ್ಪತ್ರೆಯ ಕ್ಯೂಗೂ ಇದೇ, ನಮ್ಮ ಲೈನಿಗೂ ಇದೇ. ಉತ್ತರ 5 ದಿನ. 20 ನಿಮಿಷದ ಹೊಲಿಗೆಗೆ 5 ದಿನ. ಉಳಿದ ಹೊತ್ತೆಲ್ಲ ಆ ಶರ್ಟು ಯಾವುದೋ ಗುಡ್ಡೆಯಲ್ಲಿ ಬಿದ್ದಿರುತ್ತದೆ.

ಈ 5 ದಿನದ ಇನ್ನೊಂದು ಪೆಟ್ಟು ಎಲ್ಲರ ಕಣ್ಣ ಮುಂದೆಯೇ ಇತ್ತು. ಜೂನ್‌ನಲ್ಲಿ ಜೇಬು ಕೂರಿಸುವ ಪಟ್ಟಿ ಸವೆದು ಜೇಬು ಕಾಲಿಂಚು ಓರೆಯಾಗಿ ಬಂದಿತ್ತು. ಜೇಬು ಲೈನಿನ ಮೊದಲಲ್ಲಿ, ಚೆಕ್ಕಿಂಗ್ ಕೊನೆಯಲ್ಲಿ. ಚೆಕ್ಕರ್ ಕಣ್ಣಿಗೆ ಬೀಳುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಜೇಬು ಓರೆಯಾಗಿ ಹೊಲಿದಾಗಿತ್ತು. ಆ ಜೇಬೆಲ್ಲ ಬಿಚ್ಚಿ ಮತ್ತೆ ಹೊಲಿದವರು ಅದೇ ಹೆಂಗಸರು, ಅದೂ ಓಟಿಯಲ್ಲಿ. ನನಗೆ ಈಗಲೂ ಬೇಜಾರಾಗುವುದು ಅದಕ್ಕೇ.

ಸೋಮವಾರದ ಮೀಟಿಂಗಿನಲ್ಲಿ ಲೆಕ್ಕ ಇಟ್ಟೆ. ಲೈನಿಗೆ ಬಟ್ಟೆ ಬಿಡುವುದನ್ನು ಕಡಿಮೆ ಮಾಡೋಣ, 30 ಬಂಡಲ್‌ಗಿಂತ ಜಾಸ್ತಿ ಒಳಗೆ ಇರಬಾರದು ಅಂದೆ. ಪ್ರೊಡಕ್ಷನ್ ಮ್ಯಾನೇಜರ್ ನಂಬಲಿಲ್ಲ. ‘ಪೀಸ್ ಬರ್ತಿಲ್ಲ ಅಂತ ನಾವು ಒದ್ದಾಡ್ತಿದ್ರೆ, ಫೀಡಿಂಗೇ ಕಮ್ಮಿ ಮಾಡಿ ಅಂತೀರಲ್ಲಾ?’ ಅಂದರು. ಕಟಿಂಗ್ ಸೆಕ್ಷನ್‌ನವರಿಗೂ ಸಿಟ್ಟು. ಅವರ ಟಾರ್ಗೆಟ್ ದಿನಕ್ಕೆ ಎಷ್ಟು ಪೀಸ್ ಕಟ್ ಆಯಿತು ಅನ್ನುವುದು. ಲೈನಿಗೆ ಬೇಕೋ ಬೇಡವೋ, ಕತ್ತರಿಸಿ ಕಳಿಸಿದರೆ ಅವರ ನಂಬರ್ ಚೆನ್ನಾಗಿರುತ್ತದೆ. ಅವರ ತಪ್ಪಲ್ಲ ಅದು. ಯಾವ ನಂಬರಿಗೆ ಶಹಬ್ಬಾಸ್ ಸಿಗುತ್ತದೋ ಆ ನಂಬರನ್ನೇ ಜನ ಬೆಳೆಸುತ್ತಾರೆ. ಹಾಗಂತ ಗೊತ್ತಿದ್ದೂ ಪ್ರತಿ ಸೆಕ್ಷನ್ನಿಗೂ ಬೇರೆ ಬೇರೆ ಟಾರ್ಗೆಟ್ ಕೊಟ್ಟು, ಆಮೇಲೆ ಎಲ್ಲರೂ ಸೇರಿ ಶಿಪ್‌ಮೆಂಟ್ ಕಳಿಸಿ ಅನ್ನುವುದು ಅನ್ಯಾಯ. ನಾನು ಕೆಲಸ ಮಾಡಿರುವ ಮೂರು ಫ್ಯಾಕ್ಟರಿಯಲ್ಲೂ ಇದನ್ನೇ ಕಂಡಿದ್ದೇನೆ.

ಗಣಿತದಿಂದ ಆಗದ ಕೆಲಸ ಟೀ ಬ್ರೇಕಿನಲ್ಲಿ ಆಯಿತು. ಲೈನ್ ಸೂಪರ್‌ವೈಸರ್ ಸಕಲೇಶಪುರ ಕಡೆಯವರು, ಮನೆಯಲ್ಲಿ ಮೂರು ಎಕರೆ ಅರೇಬಿಕಾ ಕಾಫಿ. ಗುಡ್ಡೆ ಇದ್ದರೆ ಅವರಿಗೆ ಧೈರ್ಯ, ಯಾರ ಕೈಯೂ ಖಾಲಿಯಾಗುವುದಿಲ್ಲ ಅಂತ. ಟೀ ಕುಡಿಯುತ್ತಾ ನನ್ನ ಶೀಟನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದ ಹಾಗೆ, ‘ಮೇಡಮ್, ಇದು ಪಲ್ಪರ್ ಕಥೆ ಅಲ್ವಾ?’ ಅಂದರು. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್.

‘ಹಣ್ಣು ಕುಯ್ದ ದಿನಾನೇ ಪಲ್ಪರ್‌ಗೆ ಹಾಕ್ಬೇಕು. ಆಳು ಸಿಕ್ರು ಅಂತ ಪಲ್ಪರ್ ತಿನ್ನೋದಕ್ಕಿಂತ ಜಾಸ್ತಿ ಕುಯ್ಸಿದ್ರೆ ರಾತ್ರಿ ಗುಡ್ಡೆ ಬಿಸಿಯಾಗಿ ಹುಳಿ ಬಂದ್ಬಿಡುತ್ತೆ. ನಮ್ಮಪ್ಪ ಪಲ್ಪರ್ ನೋಡ್ಕೊಂಡು ಆಳು ಕರೀತಿದ್ರು. ಇಲ್ಲಿ ನಾನು ಆಳು ನೋಡ್ಕೊಂಡು ಹಣ್ಣು ಕುಯ್ಸ್ತಿದೀನಿ.’

ಅವರೇ ಮ್ಯಾನೇಜರ್ ಹತ್ತಿರ ಹೋಗಿ, ಎರಡು ವಾರ ನನ್ನ ಲೈನಿನಲ್ಲಿ ಮಾಡಿ ನೋಡುತ್ತೇನೆ, ಪೀಸ್ ಬಾರದಿದ್ದರೆ ಜವಾಬ್ದಾರಿ ನನ್ನದು ಅಂತ ಹೇಳಿದರು. ಆ ಮಾತು ಹೇಳಲು ಎಷ್ಟು ಗಟ್ಟಿತನ ಬೇಕು ಅಂತ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ವಿಧಾನ ಸರಳ. ಹಳದಿ ರಟ್ಟಿನ 30 ತುಂಡು ಕತ್ತರಿಸಿ 1ರಿಂದ 30ರವರೆಗೆ ನಂಬರ್ ಬರೆದೆವು. ಒಳಗೆ ಹೋಗುವ ಪ್ರತಿ ಬಂಡಲ್ಲಿಗೂ ಒಂದು ಟೋಕನ್. ಆ ಬಂಡಲ್ ಚೆಕ್ಕಿಂಗ್ ದಾಟಿದಾಗ ಟೋಕನ್ ಬಿಚ್ಚಿ ಫೀಡಿಂಗ್ ಟೇಬಲ್ಲಿಗೆ ವಾಪಸ್. ಟೋಕನ್ ಇಲ್ಲದೆ ಬಂಡಲ್ ಇಲ್ಲ. ಟೊಯೊಟದ ತೈಚಿ ಓನೊ ಕಾರ್ ಫ್ಯಾಕ್ಟರಿಯಲ್ಲಿ ತಂದ ಕಾನ್ಬಾನ್ ಪದ್ಧತಿಯ ಸಂಬಂಧಿ ಇದು. ಕಾನ್ಬಾನ್ ಅಂದರೆ ಜಪಾನಿ ಭಾಷೆಯಲ್ಲಿ ಬೋರ್ಡು, ಫಲಕ. ಅಲ್ಲಿ ಒಂದು ಹಂತಕ್ಕೂ ಅದರ ಹಿಂದಿನ ಹಂತಕ್ಕೂ ನಡುವೆ ಕಾರ್ಡು ಓಡಾಡುತ್ತದೆ. ನಾವು ಇಡೀ ಲೈನಿಗೆ ಒಂದೇ ಕಟ್ಟು ಟೋಕನ್ ಇಟ್ಟೆವು. ಶರ್ಟಿನಲ್ಲಿ ಸ್ಟೈಲ್ ಪದೇ ಪದೇ ಬದಲಾಗುತ್ತದೆ, ಹಂತಕ್ಕೊಂದು ಕಾರ್ಡು ಇಟ್ಟರೆ ಅದನ್ನು ನೋಡಿಕೊಳ್ಳುವುದೇ ಇನ್ನೊಂದು ಕೆಲಸವಾಗುತ್ತದೆ. ಜೊತೆಗೆ ಇನ್ನೊಂದು ನಿಯಮ: ಬಾಡಿ, ಕಾಲರ್, ಕಫ್ ಮೂರೂ ಸಿದ್ಧವಿದ್ದರೆ ಮಾತ್ರ ಆ ನಂಬರಿಗೆ ಟೋಕನ್.

ಮೊದಲ ವಾರ ಕಷ್ಟದ್ದು. ಒಳಗಿದ್ದ 108 ಬಂಡಲ್ ಇಳಿಯಬೇಕಲ್ಲ, ಅದಕ್ಕೆ ದಿನಕ್ಕೆ ಅರ್ಧದಷ್ಟೇ ಬಟ್ಟೆ ಬಿಟ್ಟೆವು. ಬೆಳಿಗ್ಗೆ ಹನ್ನೊಂದಕ್ಕೆ ಮೊದಲ ಸಾಲಿನ ಆರೇಳು ಮೆಷಿನ್ ನಿಂತವು. ಗಾರ್ಮೆಂಟ್ಸಿನಲ್ಲಿ ಟೈಲರ್ ಖಾಲಿ ಕೂರುವುದು ಅಂದರೆ ದೊಡ್ಡ ಅಪರಾಧ. ಮ್ಯಾನೇಜರ್ ಎರಡು ಸಲ ಬಂದು ನಿಂತರು, ಏನೂ ಅನ್ನದೆ ಹೋದರು. ಕೂತ ಟೈಲರ್‌ಗಳಿಗೇ ದಿಗಿಲು. ‘ಮೇಡಮ್, ನಮ್ಮನ್ನ ಬೇರೆ ಲೈನಿಗೆ ಹಾಕ್ತೀರಾ?’ ಅಂತ ಒಬ್ಬಳು ಕೇಳಿದಳು. ಇಲ್ಲ ಅಂತ ಮಾತು ಕೊಟ್ಟೆ. ಆ ಖಾಲಿ ಹೊತ್ತಿನಲ್ಲಿ ಲೇಬಲ್ ಹಾಕುವ ಹುಡುಗಿಯೊಬ್ಬಳನ್ನು ಕಾಲರ್ ಅಕ್ಕನ ಪಕ್ಕ ಕೂರಿಸಿ ಕಾಲರ್ ಕಲಿಸಿದೆವು. ವೇಸ್ಟ್ ಬಟ್ಟೆ ಮೇಲೆ ಅಭ್ಯಾಸ, ಆಮೇಲೆ ತಪ್ಪು ಬಂದು ಬಿಚ್ಚಿ ಹೊಲಿಯಬೇಕಾದ ಆಲ್ಟರ್ ಪೀಸ್, ಆಮೇಲೆ ನಿಜವಾದ ಶರ್ಟು. ಹತ್ತು ದಿನ ಹಿಡಿಯಿತು.

ಎರಡನೇ ವಾರ ಬೋರ್ಡಿನಲ್ಲಿ 482 ಬಂತು. ಆಮೇಲೆ 490. ಯಾರೂ ಕೈ ಜೋರು ಮಾಡಲಿಲ್ಲ. ಕಾಲರ್ ಅಕ್ಕ ಹುಡುಕಲು ಏಳುವುದು ನಿಂತಿತ್ತು, ಅಷ್ಟೇ. ಅವರ ಮುಂದೆ ಎರಡೋ ಮೂರೋ ಬಂಡಲ್, ಪಕ್ಕದಲ್ಲೇ ಅದರದರ ಕಾಲರ್.

600 ಮುಟ್ಟಲು ಇನ್ನೆರಡು ಕೆಲಸ ಬೇಕಿತ್ತು. ಅಕ್ಕ ಪ್ರತಿ ಶರ್ಟಿಗೂ ಹೊಲಿಗೆ ಆದ ಮೇಲೆ ದಾರ ಕತ್ತರಿಸಿ, ಕಾಲರ್ ತಿರುಗಿಸಿ ಮಡಚಿ ಇಡುತ್ತಿದ್ದರು. 14 ಸೆಕೆಂಡು. ಅದನ್ನು ಹೆಲ್ಪರ್‌ಗೆ ಕೊಟ್ಟೆವು, 110 ಇದ್ದದ್ದು 96 ಆಯಿತು. ಇನ್ನೊಂದು, ಊಟದ ಅರ್ಧ ಗಂಟೆ. ಕಾಲರ್ ಮೆಷಿನ್ ಎರಡೂ ಊಟದ ಹೊತ್ತಿನಲ್ಲೂ ನಡೆಯಬೇಕು ಅಂದೆ. ಇಸ್ರೇಲಿನ ಮ್ಯಾನೇಜ್‌ಮೆಂಟ್ ಚಿಂತಕ ಗೋಲ್ಡ್‌ರಾಟ್ 1980ರ ದಶಕದಲ್ಲಿ ಒತ್ತಿ ಹೇಳಿದ ವಿಷಯ: ಎಲ್ಲಕ್ಕಿಂತ ಇಕ್ಕಟ್ಟಾದ ಜಾಗದಲ್ಲಿ ಒಂದು ಗಂಟೆ ಕಳೆದರೆ ಇಡೀ ಫ್ಯಾಕ್ಟರಿ ಒಂದು ಗಂಟೆ ಕಳೆದ ಹಾಗೆ. ಬೇರೆ 40 ಮೆಷಿನ್ ಊಟಕ್ಕೆ ನಿಂತರೆ ನಷ್ಟವಿಲ್ಲ. ಈ ಎರಡು ನಿಂತರೆ 36 ಶರ್ಟು ಹೋಯಿತು. ಆದರೆ ಯಾರ ಊಟವನ್ನೂ ಕಿತ್ತುಕೊಳ್ಳಬಾರದು ಅನ್ನುವುದು ನನ್ನ ಷರತ್ತು. ಕಲಿತ ಹುಡುಗಿ ಮತ್ತು ಇನ್ನೊಬ್ಬರು ಅರ್ಧ ಗಂಟೆ ಮೊದಲೇ ಊಟ ಮುಗಿಸಿ ಬಂದು ಆ ಮೆಷಿನ್‌ಗಳಲ್ಲಿ ಕೂತರು. ಸೆಪ್ಟೆಂಬರ್ ಎರಡನೇ ವಾರ ಬೋರ್ಡಿನಲ್ಲಿ 597. ಅದರ ಮರುದಿನ 604. ಸೂಪರ್‌ವೈಸರ್ ಆ ನಂಬರನ್ನು ಎರಡು ಸಲ ಬರೆದರು, ಮೊದಲನೆಯದು ಸಣ್ಣದಾಯಿತು ಅಂತ.

ಕಟಿಂಗಿನವರ ಟಾರ್ಗೆಟ್ ಬದಲಾಗಲು ಇನ್ನೊಂದು ತಿಂಗಳು ಬೇಕಾಯಿತು. ಈಗ ಎಷ್ಟು ಕತ್ತರಿಸಿದರು ಅಂತ ಯಾರೂ ಕೇಳುವುದಿಲ್ಲ. ನಾಳೆಯ 30 ಬಂಡಲ್, ಕಾಲರ್ ಕಫ್ ಸಮೇತ, ಇವತ್ತು ಸಂಜೆಗೆ ಸಿದ್ಧವಿದೆಯಾ ಅಂತ ಕೇಳುತ್ತಾರೆ. ಜೇಬು ಮತ್ತೊಮ್ಮೆ ಓರೆ ಬಂತು. ಶರ್ಟು ಒಂದೇ ದಿನದಲ್ಲಿ ಲೈನ್ ದಾಟುವುದರಿಂದ ಮರುದಿನ ಬೆಳಿಗ್ಗೆಯೇ ಚೆಕ್ಕರ್ ಕಣ್ಣಿಗೆ ಬಿತ್ತು. ಹಾಳಾಗಿದ್ದು ಒಂದು ದಿನದ ಜೇಬು ಮಾತ್ರ. ಸಂಜೆ ಬಸ್ಸಿಗೆ ಮೊದಲೇ ಬಿಚ್ಚಿ ಹೊಲಿದು ಮುಗಿಸಿದರು.

ಅಕ್ಟೋಬರ್‌ನಲ್ಲಿ ಹಾಸನಾಂಬೆ ಬಾಗಿಲು ತೆರೆಯಿತು. ಆಶ್ವೀಜ ಹುಣ್ಣಿಮೆಯ ನಂತರದ ಗುರುವಾರ ತೆರೆದರೆ ಬಲಿಪಾಡ್ಯಮಿ ಕಳೆದು ಮುಚ್ಚಿಬಿಡುತ್ತದೆ, ಮತ್ತೆ ಒಂದು ವರ್ಷ ದರ್ಶನವಿಲ್ಲ. ಆ ದಿನಗಳಲ್ಲಿ ನಮ್ಮ ಫ್ಯಾಕ್ಟರಿಯಲ್ಲಿ ರಜೆ ಕೇಳುವವರು ಜಾಸ್ತಿ. ಇಷ್ಟು ವರ್ಷ ಕಾಲರ್ ಅಕ್ಕನಿಗೆ ಆ ವಾರ ರಜೆ ಕೊಡುತ್ತಿರಲಿಲ್ಲ, ಅವರ ಜಾಗದಲ್ಲಿ ಕಾಲರ್ ಹಾಕಲು ಬೇರೆ ಯಾರೂ ಇಲ್ಲ ಅಂತ. ಹಾಸನದಲ್ಲೇ ಕೆಲಸ, ದೇವಸ್ಥಾನ ನಾಲ್ಕು ಕಿಲೋಮೀಟರ್ ದೂರ, ಹನ್ನೊಂದು ವರ್ಷದಲ್ಲಿ ಅವರು ಹೋಗಿದ್ದು ಎರಡೇ ಸಲವಂತೆ. ಈ ಸಲ ಅವರು ಕೇಳಿದ ಶುಕ್ರವಾರವೇ ರಜೆ ಸಿಕ್ಕಿತು. ಅವರ ಮೆಷಿನ್‌ನಲ್ಲಿ ಆ ಹುಡುಗಿ ಕೂತಳು. ಬೋರ್ಡ್ 571. ಶನಿವಾರ ಅಕ್ಕ ಲೈನಿಗೆಲ್ಲ ಕುಂಕುಮ, ಪ್ರಸಾದ ಹಂಚಿದರು. ನನ್ನ ಕೈಗೂ ಇಟ್ಟು, ‘ಆರು ಗಂಟೆ ಕ್ಯೂನಲ್ಲಿ ನಿಂತಿದ್ದೆ ಮೇಡಮ್. ಕಾಲು ನೋವೇ ಗೊತ್ತಾಗ್ಲಿಲ್ಲ’ ಅಂದರು.

ಈಗ ಗುಡ್ಡೆ ಬಟನ್‌ಹೋಲ್ ಮೆಷಿನ್ ಮುಂದೆ ಬೀಳುತ್ತಿದೆ. ಕಾಲರ್ ಸಡಿಲವಾದ ಮೇಲೆ ಮುಂದಿನ ಇಕ್ಕಟ್ಟು ಅದೇ. ಅಲ್ಲಿ ಕೂರುವವನು ಚನ್ನರಾಯಪಟ್ಟಣದ ಹುಡುಗ, ಸೇರಿ ಎಂಟು ತಿಂಗಳು. ಮೊನ್ನೆ ಮಂಗಳವಾರ ನಾನು ಬೇರೆ ಲೈನ್ ಮುಗಿಸಿ ಆ ಕಡೆ ಬಂದೆ. ಸೂಪರ್‌ವೈಸರ್ ಸ್ಟೂಲ್ ಹಾಕಿಕೊಂಡು ಆ ಹುಡುಗನ ಪಕ್ಕ ಕೂತಿದ್ದರು. ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್, ತೊಡೆಯ ಮೇಲೆ ಒಂದು ಚೀಟಿ. ಮೇಲಕ್ಕೆ ನೋಡದೆ, ‘ಒಂದ್ ನಿಮಿಷ ಮೇಡಮ್, ಇವನು ಬಂಡಲ್ ಬದಲಾಯಿಸ್ತಿದಾನೆ’ ಅಂದರು.